ಹುಬ್ಬಳ್ಳಿಯ ಲ್ಯಾಬೊಂದರ ‘ಹೆಪಟೈಟಿಸ್ ಬಿ ರಕ್ಷಣಾ ಪ್ಯಾಕೇಜ್’: ಮೂರು ಭೇಟಿಗಳ ಅನುಭವ

2024ರ ಅಕ್ಟೋಬರಿನಲ್ಲಿ ನನ್ನ ಮಗಳಿಗೆ ಹುಬ್ಬಳ್ಳಿಯ ನರ್ಸಿಂಗ್ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಪ್ರವೇಶದ ವೇಳೆ ಒಪ್ಪಿಸಬೇಕಾದ ಕಾಗದಪತ್ರಗಳ ಪಟ್ಟಿಯಲ್ಲಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಎಂಟು ಭಾವಚಿತ್ರಗಳ ಕೆಳಗೆ ‘ಹೆಪಟೈಟಿಸ್ ಬಿ ಲಸಿಕೆಯ ದಾಖಲೆ ಹಾಗೂ ಆಂಟಿ-ಎಚ್‌ಬಿಎಸ್ ಟೈಟರ್ ವರದಿ’ ಎಂಬ ಒಂದು ಸಾಲು ಇತ್ತು. ಹೆಪಟೈಟಿಸ್ ಬಿ ಎಂದರೆ ಲಿವರಿಗೆ ತಗಲುವ ಒಂದು ವೈರಾಣು ರೋಗ. ಲಸಿಕೆಯ ದಾಖಲೆಗೆ ನನ್ನ ಹೆಂಡತಿ ಟ್ರಂಕಿನ ತಳದಿಂದ ಮಡಿಕೆ ಬಿದ್ದ ಹಳದಿ ಕಾರ್ಡನ್ನು ತೆಗೆದುಕೊಟ್ಟಳು. ಮಗಳು ಹುಟ್ಟಿದ್ದು 2006ರ ಜನವರಿಯಲ್ಲಿ, ಗದಗಿನ ಖಾಸಗಿ ಹೆರಿಗೆ ಆಸ್ಪತ್ರೆಯೊಂದರಲ್ಲಿ. ಹುಟ್ಟಿದ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಎಂದು ಮೂರು ಡೋಸುಗಳ ದಿನಾಂಕವೂ ವೈದ್ಯರ ಸಹಿಯೂ ಕಾರ್ಡಿನಲ್ಲಿ ಸ್ಪಷ್ಟವಾಗಿದ್ದವು. ಉಳಿದದ್ದು ಟೈಟರ್, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ. ಅದನ್ನು ಮಾಡಿಸಿಕೊಂಡ ಲ್ಯಾಬಿನ ಬಗ್ಗೆ, ಅದರಲ್ಲೂ ಅವರು ಮಾರುತ್ತಿರುವ ಪ್ಯಾಕೇಜಿನ ಬಗ್ಗೆ, ಈ ಬರಹ. ಲ್ಯಾಬಿನ ಹೆಸರನ್ನು ಬರೆಯುತ್ತಿಲ್ಲ; ಇಂಥ ಪ್ಯಾಕೇಜುಗಳು ಊರಿನಲ್ಲಿ ಬೇರೆ ಕಡೆಯೂ ಇವೆ, ಓದುವವರಿಗೆ ಬೇಕಾಗಿರುವುದು ಹೆಸರಿಗಿಂತ ವಿಷಯ ಎಂಬುದು ನನ್ನ ಎಣಿಕೆ.

ನಾವು ಧಾರವಾಡದವರು. ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಬಸ್ಸು ಹತ್ತಿ ಬೆಳಿಗ್ಗೆ ಎಂಟರ ಹೊತ್ತಿಗೆ ಲ್ಯಾಬಿನ ಬಾಗಿಲಿಗೆ ಬಂದೆವು. ಈ ಪರೀಕ್ಷೆಗೆ ಉಪವಾಸವಿರಬೇಕಾಗಿಲ್ಲ ಎಂಬುದನ್ನು ಫೋನಿನಲ್ಲೇ ಸರಿಯಾಗಿ ತಿಳಿಸಿದ್ದರಿಂದ ಮಗಳು ಅವಲಕ್ಕಿ ತಿಂದೇ ಹೊರಟಿದ್ದಳು. ಕೌಂಟರಿನಲ್ಲಿ ಟೋಕನ್ ವ್ಯವಸ್ಥೆ ಇದೆ, ಕೂರಲು ಜಾಗವಿದೆ, ಕುಡಿಯುವ ನೀರಿದೆ. ರಕ್ತ ತೆಗೆದ ಹುಡುಗಿ ಕೈಗವಸು ಬದಲಿಸಿ, ಹೊಸ ಸೂಜಿಯ ಪೊಟ್ಟಣವನ್ನು ನಮ್ಮೆದುರೇ ಹರಿದು, ಒಂದೇ ಸಲಕ್ಕೆ ನರ ಹಿಡಿದಳು. ಕೊಳವೆಗೆ ಹೆಸರಿನ ಚೀಟಿಯನ್ನು ಮಗಳ ಕಣ್ಣೆದುರೇ ಅಂಟಿಸಿ, ‘ಹೆಸರು ಬರೋಬ್ಬರಿ ಐತೇನ ತಂಗಿ?’ ಎಂದು ಓದಿಸಿಕೊಂಡಳು. ಇದಕ್ಕೆ ಪೂರ್ಣ ಅಂಕ.

ಮೊದಲ ಎಡವಟ್ಟು ಬಿಲ್ಲಿನಲ್ಲಿ ಆಯಿತು. ನಾನು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವನು, ಬಿಲ್ಲನ್ನು ಓದದೆ ಕಿಸೆಗೆ ಹಾಕುವ ಅಭ್ಯಾಸವಿಲ್ಲ. ಅದರಲ್ಲಿ ‘ಎಚ್‌ಬಿಎಸ್ಎಜಿ, ಕಾರ್ಡ್ ವಿಧಾನ’ ಎಂದಿತ್ತು. ನಮಗೆ ಬೇಕಾಗಿದ್ದು ಆಂಟಿ-ಎಚ್‌ಬಿಎಸ್. ಹೆಸರು ಒಂದೇ ತರಹ ಕೇಳಿಸಿದರೂ ಎರಡೂ ಬೇರೆಬೇರೆ ಪರೀಕ್ಷೆಗಳು. ಮೊದಲನೆಯದು ವೈರಾಣುವಿನ ಹೊರಕವಚದ ಪ್ರೋಟೀನನ್ನು ಹುಡುಕುತ್ತದೆ, ಅಂದರೆ ಸೋಂಕು ಈಗ ದೇಹದಲ್ಲಿದೆಯೇ ಎಂದು ನೋಡುತ್ತದೆ. ಎರಡನೆಯದು ಆ ಪ್ರೋಟೀನಿನ ವಿರುದ್ಧ ದೇಹ ತಯಾರಿಸಿಟ್ಟ ಪ್ರತಿಕಾಯ ಎಷ್ಟಿದೆ ಎಂದು ಅಳೆಯುತ್ತದೆ. ‘ನೆಗೆಟಿವ್ ಬಂದ್ರ ಆತಲ್ರಿ ಸರ, ಚಲೋನ ಅಲ್ಲೇನ್ರಿ’ ಎಂದು ಕೌಂಟರಿನ ಯುವಕ ಸಮಾಧಾನ ಹೇಳಿದ. ಮೊದಲನೆಯದು ನೆಗೆಟಿವ್ ಬಂದರೆ ಒಳ್ಳೆಯದೇ, ಆದರೆ ಕಾಲೇಜು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಕಾಲೇಜಿನ ಪಟ್ಟಿಯನ್ನು ತೋರಿಸಿದ ಮೇಲೆ ಬಿಲ್ಲು ಬದಲಾಯಿತು, ಹೆಚ್ಚುವರಿ ಹಣ ಕಟ್ಟಿದೆವು. ನನ್ನ ಹಿಂದೆ ಸಾಲಿನಲ್ಲಿ ಅದೇ ಕಾಲೇಜಿನ ಪಟ್ಟಿ ಹಿಡಿದುಕೊಂಡು ನಿಂತಿದ್ದ ಹಾವೇರಿಯ ಕಡೆಯ ತಂದೆಯೊಬ್ಬರು ಆಗಲೇ ತಪ್ಪು ಪರೀಕ್ಷೆಗೆ ರಕ್ತ ಕೊಡಿಸಿ ಬಂದಿದ್ದರು. ಅವರಿಗೂ ಅಲ್ಲೇ ಸರಿಪಡಿಸಿಕೊಟ್ಟರು ಎಂಬುದನ್ನು ಹೇಳಲೇಬೇಕು.

ವರದಿ ಮರುದಿನ ಸಂಜೆ ವಾಟ್ಸಾಪಿಗೆ ಬಂತು, ಹೇಳಿದ ಸಮಯಕ್ಕೆ ಒಂದು ಗಂಟೆ ಮೊದಲೇ. ಸಂಖ್ಯೆ 4.6 ಎಂಐಯು (ಪ್ರತಿಕಾಯ ಅಳೆಯುವ ಮಾನ) ಪ್ರತಿ ಮಿಲಿಲೀಟರಿಗೆ. ಪಕ್ಕದಲ್ಲಿ ಕೆಂಪು ಬಾಣ, ಅದರ ಕೆಳಗೆ ದಪ್ಪಕ್ಷರದಲ್ಲಿ ‘10ಕ್ಕಿಂತ ಕಡಿಮೆ: ರಕ್ಷಣೆ ಇಲ್ಲ’. ಅದರ ಬೆನ್ನಿಗೇ ಇನ್ನೊಂದು ಸಂದೇಶ. ‘ನಿಮ್ಮ ಲಸಿಕೆಯ ಅವಧಿ ಮುಗಿದಿದೆ. ಇಡೀ ಕುಟುಂಬಕ್ಕೆ ಬೂಸ್ಟರ್ ಪ್ಯಾಕೇಜ್, ನಾಲ್ವರಿಗೆ ಟೈಟರ್ ಹಾಗೂ ಲಸಿಕೆ ಸೇರಿ ವಿಶೇಷ ದರ.’ ಮಗಳು ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದು, ‘ಅಪ್ಪಾ, ಸಣ್ಣಾಕಿದ್ದಾಗ ಮಾಡಿಸಿದ್ದು ಎಲ್ಲಾ ದಂಡಾತೇನು?’ ಎಂದು ಕೇಳಿದಳು. ಹೆಂಡತಿ ಹೆರಿಗೆಯ ನಂತರದ ಎರಡು ಡೋಸಿಗೂ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬೆಟಗೇರಿಯಿಂದ ಆಸ್ಪತ್ರೆಗೆ ಹೋಗಿದ್ದಳು. ಅವಳ ಮುಖ ನೋಡಿ ನನಗೇ ಕಸಿವಿಸಿಯಾಯಿತು.

ಲ್ಯಾಬಿನ ಸಂದೇಶ ಸರಿಯೋ ತಪ್ಪೋ ಎಂದು ತಿಳಿಯಲು ನಮ್ಮ ಬಡಾವಣೆಯ ಮಕ್ಕಳ ವೈದ್ಯರ ಬಳಿಗೆ ಹೋದೆವು. ವಯಸ್ಸಾದವರು, ಮಾತು ಕಡಿಮೆ, ಫೀಸೂ ಕಡಿಮೆ. ವರದಿಯನ್ನು ಬದಿಗಿಟ್ಟು ಮೊದಲು ಹಳದಿ ಕಾರ್ಡನ್ನೇ ಕೇಳಿದರು. ಮೂರೂ ದಿನಾಂಕಗಳ ಮೇಲೆ ಬೆರಳಿಟ್ಟು ನೋಡಿ, ‘ಇದು ಖರೆ ಸರ್ಟಿಫಿಕೇಟು’ ಎಂದರು. ಆಮೇಲೆ ಮಗಳ ಕಡೆ ತಿರುಗಿ, ‘ಹೊಲದಾಗ ಬೆಳಿ ಕಾಣವಲ್ದು ಅಂದ್ರ ಮನ್ಯಾಗ ಬೀಜಾನೂ ಇಲ್ಲ ಅಂತ ತಿಳಕೋಬ್ಯಾಡ ತಂಗಿ. ಈ ಲ್ಯಾಬಿನವರು ಹೊಲಾ ನೋಡಿ ಬಂದಾರ, ಮನಿಗೆ ಬಂದಿಲ್ಲ’ ಎಂದರು.

ಅವರು ವಿವರಿಸಿದ್ದನ್ನು, ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನು ಸೇರಿಸಿ ಇಲ್ಲಿ ಬರೆಯುತ್ತೇನೆ. ಈ ಪ್ಯಾಕೇಜಿನ ಬೆಲೆ ಕಟ್ಟಲು ಬೇಕಾದ ತಕ್ಕಡಿ ಇದೇ. ಲಸಿಕೆ ಬಿದ್ದಾಗ ದೇಹ ಎರಡು ಕೆಲಸ ಮಾಡುತ್ತದೆ. ರಕ್ತದಲ್ಲಿ ತೇಲಾಡುವ ಪ್ರತಿಕಾಯಗಳನ್ನು ತಯಾರಿಸುವುದು ಒಂದು, ಆ ವೈರಾಣುವಿನ ಗುರುತನ್ನು ಕಾಪಿಟ್ಟುಕೊಳ್ಳುವ ನೆನಪಿನ ಕೋಶಗಳನ್ನು ಉಳಿಸಿಕೊಳ್ಳುವುದು ಇನ್ನೊಂದು. ಟೈಟರ್ ಪರೀಕ್ಷೆ ಅಳೆಯುವುದು ಮೊದಲನೆಯದನ್ನು ಮಾತ್ರ. ಪ್ರತಿಕಾಯಗಳು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಗುತ್ತವೆ. ಹುಟ್ಟಿದ ಕೂಡಲೇ ಲಸಿಕೆ ಪಡೆದ ಮಕ್ಕಳಲ್ಲಿ ಈ ಇಳಿಕೆ, ದೊಡ್ಡವರಾದ ಮೇಲೆ ಪಡೆದವರಿಗಿಂತ ಬೇಗನೆ ಆಗುತ್ತದೆ. ಹಾಗಾಗಿ ಹದಿನೆಂಟು ವರ್ಷದ ಹುಡುಗಿಯ ರಕ್ತದಲ್ಲಿ 4.6 ಕಂಡುಬಂದದ್ದು ಅಪರೂಪದ ಸಂಗತಿಯೇನಲ್ಲ, ಅವಳ ಓರಗೆಯ ಬಹಳ ಮಕ್ಕಳನ್ನು ಇವತ್ತು ಅಳೆದರೂ ಸಂಖ್ಯೆ 10ರ ಕೆಳಗೇ ಬಂದೀತು.

ಹಾಗಾದರೆ ಈ 10 ಎಂಬ ಗೆರೆ ಎಲ್ಲಿಯದು? ಕೊನೆಯ ಡೋಸು ಮುಗಿದು ಒಂದೆರಡು ತಿಂಗಳಾದ ಮೇಲೆ ಅಳೆದಾಗ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಲಸಿಕೆ ಹಿಡಿದಿದೆ ಎಂದು ಲೆಕ್ಕ. ಅಂದರೆ ಮಗಳ ವಿಷಯದಲ್ಲಿ ಆ ಗೆರೆಯನ್ನು ಎಳೆಯಬೇಕಾದ ಕಾಲ 2006ರ ಆಗಸ್ಟ್ ಅಥವಾ ಸೆಪ್ಟೆಂಬರ್. ಹದಿನೆಂಟು ವರ್ಷ ತಡವಾಗಿ ಅದೇ ಗೆರೆಯನ್ನು ಎಳೆದು ‘ರಕ್ಷಣೆ ಇಲ್ಲ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುವುದು, ಹಳೆಯ ಸಾಲಿನ ತಃಖ್ತೆಯನ್ನು ಈ ಸಾಲಿನ ಖರ್ಚಿಗೆ ತಾಳೆ ನೋಡಿದ ಹಾಗೆ. ನಮ್ಮ ಸಂಘದ ಆಡಿಟರು ಇದನ್ನು ಒಪ್ಪುತ್ತಿರಲಿಲ್ಲ.

ನೆನಪಿನ ಕೋಶಗಳು ಕೆಲಸಕ್ಕೆ ಬರುವುದಕ್ಕೆ ಈ ರೋಗದ ನಿಧಾನಗತಿಯೇ ದೊಡ್ಡ ಅನುಕೂಲ. ಹೆಪಟೈಟಿಸ್ ಬಿ ವೈರಾಣು ಮೈಯೊಳಗೆ ಹೊಕ್ಕ ಮೇಲೆ ಕಾಯಿಲೆ ಹೊರಬೀಳಲು 30ರಿಂದ 180 ದಿನ ಹಿಡಿಯುತ್ತದೆ. ಗುರುತು ಇಟ್ಟುಕೊಂಡ ಕೋಶಗಳು ಎಚ್ಚೆತ್ತು ಪ್ರತಿಕಾಯ ತಯಾರಿಸಲು ಸಾಕಾಗುವುದು ಕೆಲವೇ ದಿನ. ವೈದ್ಯರ ಮಾತಿನಲ್ಲಿ ಹೇಳುವುದಾದರೆ, ‘ಮಳಿ ಬಿದ್ದು ಬಿತ್ತಾಕ ಬೇಕಾದಷ್ಟು ಟೈಮ್ ಐತಿ.’ ಮೂರ್ನಾಲ್ಕು ದಿನಗಳಲ್ಲೇ ಎರಗಿಬಿಡುವ ರೋಗವಾಗಿದ್ದರೆ ಈ ಮಾತು ನಿಲ್ಲುತ್ತಿರಲಿಲ್ಲ.

ಇದು ಬರಿ ಊಹೆಯಲ್ಲ ಎಂಬುದಕ್ಕೆ ದೀರ್ಘಕಾಲ ನಡೆದ ಅಧ್ಯಯನಗಳಿವೆ. ಅಲಾಸ್ಕಾದ ಮೂಲನಿವಾಸಿ ಸಮುದಾಯಗಳಲ್ಲಿ 1981ರಲ್ಲಿ 1,578 ಜನರಿಗೆ, ಆರು ತಿಂಗಳ ಕೂಸುಗಳಿಂದ ಹಿಡಿದು ದೊಡ್ಡವರವರೆಗೆ, ಲಸಿಕೆ ಹಾಕಿ ದಶಕಗಟ್ಟಲೆ ಹಿಂಬಾಲಿಸಿದರು. ಮೂವತ್ತು ವರ್ಷಗಳ ನಂತರ ನಡುವೆ ಬೂಸ್ಟರ್ ಪಡೆಯದವರನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಮಾತ್ರ ಪ್ರತಿಕಾಯ 10ರ ಮೇಲಿತ್ತು. ಉಳಿದವರಲ್ಲಿ ಒಂದು ಡೋಸು ಕೊಟ್ಟು ತಿಂಗಳ ನಂತರ ನೋಡಿದಾಗ, ನೂರಕ್ಕೆ 88 ಜನರಲ್ಲಿ ಅದು ಮತ್ತೆ ಗೆರೆ ದಾಟಿತು. ಎರಡನ್ನೂ ಕೂಡಿಸಿದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ಮೂವತ್ತು ವರ್ಷ ಕಳೆದ ಮೇಲೂ ರಕ್ಷಣೆ ಉಳಿದಿತ್ತು ಎಂದಾಯಿತು. ತೈವಾನ್ ದೇಶ 1984ರ ಜುಲೈಯಲ್ಲಿ ಕೂಸುಗಳಿಗೆ ಲಸಿಕೆ ಶುರುಮಾಡಿತು. ಆಗ ಮಕ್ಕಳಲ್ಲಿ ನೂರಕ್ಕೆ ಸುಮಾರು 10 ಮಂದಿಯ ರಕ್ತದಲ್ಲಿ ಈ ವೈರಾಣುವಿನ ಗುರುತು ಸಿಗುತ್ತಿತ್ತು, ಹತ್ತು ವರ್ಷಗಳಲ್ಲಿ ಅದು ಒಂದೂ ಚಿಲ್ಲರೆಗೆ ಇಳಿಯಿತು. ಮಕ್ಕಳಿಗೆ ಬರುತ್ತಿದ್ದ ಲಿವರ್ ಕ್ಯಾನ್ಸರ್ ಕೂಡ ಅರ್ಧದಷ್ಟು ಕಡಿಮೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಇದೆಲ್ಲವನ್ನೂ ನೋಡಿಯೇ, ಬಾಲ್ಯದ ಲಸಿಕೆ ಕನಿಷ್ಠ 20 ವರ್ಷ, ಬಹುಶಃ ಜೀವನಪರ್ಯಂತ ಕಾಯುತ್ತದೆ, ಆರೋಗ್ಯವಂತರಿಗೆ ಬೂಸ್ಟರ್ ಬೇಕಿಲ್ಲ ಎಂದು ಹೇಳಿರುವುದು. ‘ಅವಧಿ ಮುಗಿದಿದೆ’ ಎಂದು ವಾಟ್ಸಾಪಿನಲ್ಲಿ ಬರೆದವರಿಗೆ ಆ ಅವಧಿ ಎಲ್ಲಿ ಸಿಕ್ಕಿತೋ ತಿಳಿಯದು. ಹಾಲಿನ ಪಾಕೀಟಿನ ಮೇಲಿರುವ ಹಾಗೆ ದಿನಾಂಕವೇನೂ ಲಸಿಕೆಯ ಕಾರ್ಡಿನಲ್ಲಿ ಇರುವುದಿಲ್ಲ.

ವೈದ್ಯರು ಒಂದು ಸೂಕ್ಷ್ಮವನ್ನೂ ಮುಚ್ಚಿಡಲಿಲ್ಲ. ಪ್ರತಿಕಾಯ ಇಳಿದವರಲ್ಲಿ ವೈರಾಣು ಒಳಹೊಕ್ಕು, ಸದ್ದಿಲ್ಲದೆ ಒಂದಿಷ್ಟು ದಿನ ಇದ್ದು ಹೋದ ಕುರುಹು ಆಗೀಗ ಸಿಗುತ್ತದಂತೆ. ಆದರೆ ಈ ರೋಗದಲ್ಲಿ ಹೆದರಬೇಕಾದದ್ದು ಅದು ಲಿವರಿನಲ್ಲಿ ಕಾಯಂ ಆಗಿ ಬೀಡುಬಿಟ್ಟು ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು) ಮತ್ತು ಕ್ಯಾನ್ಸರಿಗೆ ದಾರಿಯಾಗುವುದಕ್ಕೆ. ಹುಟ್ಟುವಾಗಲೇ ತಾಯಿಯಿಂದ ಸೋಂಕು ತಗಲಿದ, ಲಸಿಕೆ ಸಿಗದ ಕೂಸುಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಅದು ಹಾಗೆ ಉಳಿದುಬಿಡುತ್ತದೆ, ದೊಡ್ಡವರಲ್ಲಿ ನೂರಕ್ಕೆ ಐದಕ್ಕೂ ಕಡಿಮೆ. ಲಸಿಕೆಯನ್ನು ಹುಟ್ಟಿದ 24 ಗಂಟೆಯೊಳಗೇ ಹಾಕಬೇಕೆನ್ನುವುದು ಇದಕ್ಕಾಗಿ. ಕೂಸಾಗಿದ್ದಾಗ ಲಸಿಕೆ ಹಿಡಿದವರಲ್ಲಿ, ಮುಂದೆ ಪ್ರತಿಕಾಯ ಇಳಿದರೂ, ಆ ಕಾಯಂ ಸೋಂಕು ತೀರ ವಿರಳ.

ಹೀಗಿದ್ದ ಮೇಲೆ ಮಗಳಿಗೆ ಏನೂ ಬೇಡವೇ ಎಂದು ಕೇಳಿದೆ. ‘ಆಕಿಗೆ ಬೇಕು, ನಿಮ್ಮ ಮಗಗ ಬ್ಯಾಡ’ ಎಂದರು. ಕಾರಣ ಅವಳ ವೃತ್ತಿ. ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಸೂಜಿ ತಾಗುವುದು ಅಪರೂಪದ ಸಂಗತಿಯಲ್ಲ. ಸೋಂಕು ತೀವ್ರವಾಗಿರುವ ರೋಗಿಗೆ ಬಳಸಿದ ಸೂಜಿ ರಕ್ಷಣೆಯಿಲ್ಲದವರಿಗೆ ಚುಚ್ಚಿದರೆ ನೂರರಲ್ಲಿ 30ರವರೆಗೆ ರೋಗ ಹರಡಬಹುದು. ಎಚ್‌ಐವಿಗೆ ಇದೇ ಲೆಕ್ಕ ಸಾವಿರಕ್ಕೆ ಸುಮಾರು ಮೂರು. ಮೇಜಿನ ಮೇಲೆ ಒಣಗಿದ ರಕ್ತದಲ್ಲೂ ಈ ವೈರಾಣು ಕನಿಷ್ಠ ಏಳು ದಿನ ಬದುಕಿರುತ್ತದೆ. ಆದ್ದರಿಂದ ಇಂಥ ಕೆಲಸಕ್ಕೆ ಹೋಗುವವರ ನೆನಪಿನ ಕೋಶಗಳು ನಿಜಕ್ಕೂ ಎಚ್ಚರವಾಗಿವೆಯೇ ಎಂದು ಒಮ್ಮೆ ಕೆಣಕಿ ನೋಡುತ್ತಾರೆ. ಒಂದೇ ಒಂದು ಡೋಸು ಕೊಟ್ಟು, ಒಂದೆರಡು ತಿಂಗಳಿಗೆ ಮತ್ತೆ ಟೈಟರ್. ಏರಿದರೆ ಅಲ್ಲಿಗೆ ಮುಗಿಯಿತು, ಮುಂದೆ ಅದು ಇಳಿದರೂ ಮತ್ತೆ ಮತ್ತೆ ಅಳೆಯಬೇಕಿಲ್ಲ. ಏರದಿದ್ದರೆ ಇನ್ನೆರಡು ಡೋಸು ಕೊಟ್ಟು ಸರಣಿಯನ್ನು ಪೂರ್ತಿ ಮಾಡಿ ನೋಡಬೇಕು. ಆಗಲೂ ಏರದವರು ಕೆಲವರಿರುತ್ತಾರೆ. ಅವರು ತಮಗೆ ಲಸಿಕೆ ಹಿಡಿದಿಲ್ಲ ಎಂದು ತಿಳಿದುಕೊಂಡಿರಬೇಕು, ಸೂಜಿ ತಾಗಿದರೆ ಸಾಧ್ಯವಾದಷ್ಟು ಬೇಗ, ಒಂದು ದಿನದೊಳಗೆ, ಇಮ್ಯುನೊಗ್ಲಾಬುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು, ಪಡೆಯಬೇಕು. ಕಾಲೇಜು ಆ ಸಾಲನ್ನು ಪಟ್ಟಿಯಲ್ಲಿ ಸೇರಿಸಿದ್ದರ ಅರ್ಥ ಆಗ ಹೊಳೆಯಿತು.

ಅದೇ ಲ್ಯಾಬಿಗೆ ಲಸಿಕೆಯ ಕೊಠಡಿಯೂ ಇರುವುದರಿಂದ ಎರಡನೆಯ ಭೇಟಿ ಅಲ್ಲಿಗೇ ಆಯಿತು. ಪ್ಯಾಕೇಜು ಬೇಡ, ಮಗಳಿಗೆ ಒಂದು ಡೋಸು ಸಾಕು ಎಂದಾಗ ಕೌಂಟರಿನಲ್ಲಿ ಸ್ವಲ್ಪ ಮುಖ ಸಣ್ಣದಾಯಿತು, ಆದರೆ ವಾದಿಸಲಿಲ್ಲ. ಒಳಗಿನ ಕೊಠಡಿ ಮಾತ್ರ ಮೆಚ್ಚುವಂತಿದೆ. ಈ ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು, ಬಿಸಿಗಿಂತಲೂ ಹೆಪ್ಪುಗಟ್ಟುವಿಕೆ ಅದಕ್ಕೆ ಹೆಚ್ಚು ಅಪಾಯ. ಒಮ್ಮೆ ಗಡ್ಡೆಕಟ್ಟಿದರೆ ಅದರೊಳಗಿನ ಅಲ್ಯೂಮಿನಿಯಂ ಲವಣ ಮುದ್ದೆಯಾಗಿ ಲಸಿಕೆ ಕೆಡುತ್ತದೆ. ಇಲ್ಲಿಯ ಫ್ರಿಜ್ಜಿನ ಬಾಗಿಲಿನ ಮೇಲೆ ದಿನಕ್ಕೆ ಎರಡು ಸಲ ಉಷ್ಣಾಂಶ ಬರೆದ ಚಾರ್ಟು ತೂಗುತ್ತಿತ್ತು, ಆ ದಿನ ಬೆಳಿಗ್ಗೆಯ ಸಂಖ್ಯೆ 4 ಎಂದಿತ್ತು. ಫ್ರಿಜ್ಜಿನಲ್ಲಿ ಲಸಿಕೆಯನ್ನು ಬಿಟ್ಟರೆ ಯಾರದೋ ಊಟದ ಡಬ್ಬಿಯಾಗಲಿ, ತಂಪು ನೀರಿನ ಬಾಟಲಿಯಾಗಲಿ ಇರಲಿಲ್ಲ. ಈ ಮಾತನ್ನು ನಾನು ಬೇರೆ ಕೆಲವು ಫ್ರಿಜ್ಜುಗಳನ್ನು ಕಂಡ ಅನುಭವದಿಂದ ಬರೆಯುತ್ತಿದ್ದೇನೆ. ಕರೆಂಟು ಹೋದರೆ ಏನು ಗತಿ ಎಂದು ಕೇಳಿದ್ದಕ್ಕೆ ಸಿಸ್ಟರ್ ಮೂಲೆಯ ಇನ್ವರ್ಟರನ್ನೂ ಅದರ ಪಕ್ಕದ ಕೋಲ್ಡ್ ಬಾಕ್ಸನ್ನೂ ತೋರಿಸಿದರು. ವಯಸ್ಕರ ಡೋಸು 20 ಮೈಕ್ರೊಗ್ರಾಂ, ಮಕ್ಕಳದ್ದು 10. ಬಾಟಲಿಯ ಚೀಟಿಯನ್ನು ಮಗಳಿಗೆ ಓದಿಸಿ, ದಿನಾಂಕ ತೋರಿಸಿ, ಅಲುಗಾಡಿಸಿ, ತೋಳಿಗೆ ಕೊಟ್ಟರು. ಕುಂಡಿಗೆ ಕೊಟ್ಟರೆ ಕೊಬ್ಬಿನಲ್ಲಿ ಉಳಿದು ಸರಿಯಾಗಿ ಹಿಡಿಯುವುದಿಲ್ಲವಂತೆ. ನರ್ಸಿಂಗ್ ಓದಲು ಹೊರಟವಳಿಗೆ ಇದು ಮೊದಲ ಪಾಠವೂ ಆಯಿತು. ಮುಗಿದ ಮೇಲೆ ಅರ್ಧ ತಾಸು ಕೂರಿಸಿಕೊಂಡರು. ಒಂದು ದಿನ ತೋಳು ನೋವಿತ್ತು, ಮತ್ತೇನೂ ಆಗಲಿಲ್ಲ.

ಮೂರನೆಯ ಭೇಟಿ ಡಿಸೆಂಬರಿನ ಮೊದಲ ವಾರ. ಈ ಸಲ ಬಿಲ್ಲಿನಲ್ಲಿ ಸರಿಯಾದ ಪರೀಕ್ಷೆಯ ಹೆಸರೇ ಇತ್ತು. ವರದಿ ಬಂತು: 612. ಆರು ವಾರದ ಹಿಂದೆ 4.6 ಇದ್ದದ್ದು ಒಂದೇ ಡೋಸಿಗೆ 612 ಆಗಬೇಕಾದರೆ ಒಳಗೆ ಯಾರೋ ಎಚ್ಚರವಾಗಿಯೇ ಇದ್ದರು ಎಂದು ಅರ್ಥ. ಹೊಸದಾಗಿ ಲಸಿಕೆ ಪಡೆಯುವವರಲ್ಲಿ ಮೊದಲ ಡೋಸಿಗೇ ಇಂಥ ಜಿಗಿತ ಸಾಮಾನ್ಯವಾಗಿ ಕಾಣುವುದಿಲ್ಲ. ವೈದ್ಯರಿಗೆ ತೋರಿಸಿದಾಗ ಅವರು ಕನ್ನಡಕದ ಮೇಲಿನಿಂದ ನನ್ನ ಹೆಂಡತಿಯನ್ನು ನೋಡಿ, ‘ನೀವು ಗದಗಿನ್ಯಾಗ ಬಿತ್ತಿದ್ದು ನೋಡ್ರಿ ಬಾಯಾರ’ ಎಂದರು. ಅವಳು ಆ ಹಳದಿ ಕಾರ್ಡಿಗೆ ಈಗ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದಾಳೆ.

ಇನ್ನು ‘ಇಡೀ ಕುಟುಂಬಕ್ಕೆ’ ಎಂಬ ಮಾತಿನ ವಿಚಾರ. ನನ್ನ ತಕರಾರಿನ ಮುಖ್ಯ ಭಾಗ ಇಲ್ಲಿದೆ. ಮಗ ಹುಟ್ಟಿದ್ದು 2014ರಲ್ಲಿ, ಧಾರವಾಡದ ಜಿಲ್ಲಾ ಆಸ್ಪತ್ರೆಯಲ್ಲಿ. ಅಷ್ಟರಲ್ಲಿ ಈ ಲಸಿಕೆ ಸರ್ಕಾರದ ಉಚಿತ ಕಾರ್ಯಕ್ರಮದೊಳಗೆ ಬಂದಾಗಿತ್ತು. ದೇಶದಲ್ಲಿ 2002ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿ, 2011ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿದ್ದು ಅದು. ಮಗನಿಗೆ ಹುಟ್ಟಿದ ದಿನ ಒಂದು ಡೋಸು. ಆಮೇಲೆ 6, 10 ಮತ್ತು 14ನೆಯ ವಾರಗಳಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಲಸಿಕೆಯ ಜೊತೆಗೇ ಸೇರಿದ್ದ ಪೆಂಟಾವೇಲೆಂಟಿನಲ್ಲಿ ಮೂರು. ಕಾಸು ಖರ್ಚಾಗದೆ ನಾಲ್ಕೂ ಆಗಿವೆ. ಶಾಲೆಗೆ ಹೋಗುವ ಆರೋಗ್ಯವಂತ ಹುಡುಗನಿಗೆ ಟೈಟರೂ ಬೇಡ, ಬೂಸ್ಟರೂ ಬೇಡ. ಅಳೆದರೆ ಬಹುಶಃ ಅಕ್ಕನ ಹಾಗೆ ಕಡಿಮೆಯೇ ಬಂದೀತು, ಕೆಂಪು ಬಾಣ ಬಿದ್ದೀತು, ಹಣ ಹೋದೀತು.

ಆದರೆ ನಾನು ಮತ್ತು ಹೆಂಡತಿ? ನಾನು ಹುಟ್ಟಿದ ಕಾಲಕ್ಕೆ ಈ ಲಸಿಕೆ ಜಗತ್ತಿನಲ್ಲೇ ಇರಲಿಲ್ಲ. ಅಮೆರಿಕದಲ್ಲಿ ಮೊದಲಿಗೆ ಅನುಮತಿ ಸಿಕ್ಕಿದ್ದು 1981ರಲ್ಲಿ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶೀ ಲಸಿಕೆಯನ್ನು ತಂದ ಮೇಲೆಯೇ ಅದರ ಬೆಲೆ ನಮ್ಮಂಥವರ ಕೈಗೆಟುಕಿದ್ದು. ನಾವಿಬ್ಬರೂ ಒಂದೂ ಡೋಸು ಪಡೆದವರಲ್ಲ. ಕೌಂಟರಿನಲ್ಲಿ ಯಾರೂ ಅದನ್ನು ಕೇಳಲೂ ಇಲ್ಲ. ಪ್ಯಾಕೇಜಿನ ಪ್ರಕಾರ ನಮಗೂ ಒಂದು ‘ಬೂಸ್ಟರ್’ ಚುಚ್ಚಿ, ರಕ್ಷಣೆ ಸಿಕ್ಕಿತು ಎಂದು ಕಳಿಸುತ್ತಿದ್ದರು. ಯಾವತ್ತೂ ಲಸಿಕೆ ಪಡೆಯದವರಿಗೆ ಒಂದು ಡೋಸು ಸಾಲುವುದಿಲ್ಲ, ಮೂರು ಬೇಕು. ಬಿತ್ತದೆ ಇರುವ ಹೊಲಕ್ಕೆ ನೀರು ಹಾಯಿಸಿದ ಹಾಗೆ ಅದು. ಅದಕ್ಕಿಂತ ಮೊದಲು ಸೋಂಕು ಆಗಲೇ ಇದೆಯೇ, ಹಿಂದೆ ಬಂದು ಹೋಗಿದೆಯೇ ಎಂದು ನೋಡುವುದೂ ನಮ್ಮ ವಯಸ್ಸಿನವರಿಗೆ ಒಳ್ಳೆಯದು. ನಾನು ಮೊದಲ ದಿನ ಬೇಡವೆಂದ ಆ ಎಚ್‌ಬಿಎಸ್ಎಜಿ ಪರೀಕ್ಷೆ ನಿಜವಾಗಿ ಬೇಕಾಗಿದ್ದು ನನಗೆ! ಅದರ ಜೊತೆ, ಸೋಂಕು ಹಿಂದೆ ಬಂದು ಹೋಗಿದ್ದರೂ ತಿಳಿಸುವ ಕೋರ್ ಪ್ರತಿಕಾಯದ ಪರೀಕ್ಷೆಯನ್ನೂ ಮಾಡಿಸಿದೆವು. ಇಬ್ಬರಿಗೂ ಎರಡೂ ನೆಗೆಟಿವ್ ಬಂದವು, ನವೆಂಬರಿನಲ್ಲಿ ಮೊದಲ ಡೋಸು ಪಡೆದೆವು. ಪಾಸಿಟಿವ್ ಬಂದಿದ್ದರೂ ದಾರಿ ಮುಚ್ಚುತ್ತಿರಲಿಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ವ್ಯವಸ್ಥೆಯಲ್ಲಿ ತಪಾಸಣೆಯೂ ಔಷಧವೂ ಉಚಿತ. ಲ್ಯಾಬಿನ ಗೋಡೆಯ ಮೇಲೆ ಆ ಮಾಹಿತಿ ಎಲ್ಲೂ ಕಾಣಲಿಲ್ಲ. ವ್ಯಾಪಾರದ ಅಂಗಡಿಯಲ್ಲಿ ಅದನ್ನು ನಿರೀಕ್ಷಿಸುವುದು ನನ್ನದೇ ಅತಿಯಾಸೆ ಇರಬಹುದು.

ಬೂಸ್ಟರ್ ಯಾರಿಗೂ ಬೇಡ ಎಂದು ನಾನು ಬರೆಯುತ್ತಿಲ್ಲ. ಡಯಾಲಿಸಿಸ್ ಮೇಲಿರುವವರಲ್ಲಿ ನೆನಪಿನ ಕೋಶಗಳನ್ನು ನೆಚ್ಚಿಕೊಳ್ಳಲು ಬಾರದು, ಅವರಿಗೆ ವರ್ಷಕ್ಕೊಮ್ಮೆ ಟೈಟರ್ ನೋಡಿ 10ಕ್ಕಿಂತ ಇಳಿದರೆ ಮತ್ತೊಂದು ಡೋಸು ಕೊಡುತ್ತಾರೆ. ರೋಗನಿರೋಧಕ ಶಕ್ತಿ ಕುಗ್ಗಿದವರ ಮಾತೂ ಬೇರೆ, ಅವರ ವಿಷಯವನ್ನು ಅವರ ವೈದ್ಯರೇ ನಿರ್ಧರಿಸಬೇಕು. ತಾಯಿಗೆ ಸೋಂಕಿದ್ದು ಹುಟ್ಟಿದ ಕೂಸಿಗಂತೂ ಸರಣಿ ಮುಗಿದ ಮೇಲೆ, 9ರಿಂದ 12 ತಿಂಗಳೊಳಗೆ, ಪರೀಕ್ಷೆ ಮಾಡಿಸಲೇಬೇಕು. ಇಂಥವರಿಗೆ ಈ ಲ್ಯಾಬಿನ ಟೈಟರ್ ಸೇವೆ ಉಪಯುಕ್ತ. ಆದರೆ ಪ್ಯಾಕೇಜಿನ ಕರಪತ್ರದಲ್ಲಿ ಇವರ ಸುದ್ದಿಯೇ ಇಲ್ಲ. ನಗುತ್ತಿರುವ ಗಂಡ, ಹೆಂಡತಿ, ಎರಡು ಮಕ್ಕಳ ಚಿತ್ರವಿದೆ.

ಆ ಕರಪತ್ರದ ಇನ್ನೊಂದು ಸಾಲು ಹೆಚ್ಚು ಅಪಾಯಕಾರಿ: ‘ಹೆಪಟೈಟಿಸ್ ಲಸಿಕೆ ಹಾಕಿಸಿ, ಕಾಮಾಲೆಯಿಂದ ದೂರವಿರಿ.’ ನಮ್ಮ ಕಡೆ ‘ಕಾಮಣಿ ಆಗೈತಿ’ ಎಂದು ಮಳೆಗಾಲದಲ್ಲಿ ಕೇಳಿಬರುವುದು ಬಹುಮಟ್ಟಿಗೆ ಕೊಳಕು ನೀರು, ಆಹಾರದಿಂದ ಹರಡುವ ಎ ಮತ್ತು ಇ ವೈರಾಣುಗಳಿಂದ. ರಕ್ತ, ದೇಹದ್ರವಗಳ ಮೂಲಕ ಹರಡುವ ಬಿ ವೈರಾಣುವಿನ ಲಸಿಕೆ ಅವಕ್ಕೆ ಏನೂ ಮಾಡದು. ಹೆಪಟೈಟಿಸ್ ಎ ರೋಗಕ್ಕೆ ಬೇರೆಯೇ ಲಸಿಕೆ ಇದೆ. ಅದು ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ಬೇಕಾದವರು ಖಾಸಗಿಯಾಗಿ ಹಾಕಿಸಿಕೊಳ್ಳುತ್ತಾರೆ. ದಿನಗಟ್ಟಲೆ ನಲ್ಲಿ ನೀರಿಗೆ ಕಾಯ್ದು, ಬಂದಾಗ ಸಿಂಟೆಕ್ಸ್ ತುಂಬಿಸಿಕೊಳ್ಳುವ ಅವಳಿ ನಗರದ ಮನೆಗಳಲ್ಲಿ ಈ ಕರಪತ್ರವನ್ನು ನಂಬಿ ನೀರು ಕಾಯಿಸುವುದನ್ನು ಬಿಟ್ಟರೆ ಹೊಣೆ ಯಾರು?

ದರದ ಬಗ್ಗೆ ಎರಡು ಮಾತು. ಟೈಟರಿಗೆ 900 ರೂಪಾಯಿ ತೆಗೆದುಕೊಂಡರು. ಪ್ಯಾಕೇಜು ನಾಲ್ವರಿಗೆ 7,200, ‘ವಿಶೇಷ ದರ’. ನಮಗೆ ನಿಜವಾಗಿ ಬೇಕಾದದ್ದು ಮಗಳಿಗೆ ಎರಡು ಟೈಟರ್, ಒಂದು ಡೋಸು, ನಮ್ಮಿಬ್ಬರಿಗೆ ಎರಡೆರಡು ಪರೀಕ್ಷೆ, ಮೂರು ಮೂರು ಡೋಸು, ಮಗನಿಗೆ ಸೊನ್ನೆ. ಪ್ಯಾಕೇಜು ಕೊಂಡಿದ್ದರೆ ಮಗನ ಪಾಲಿನ ಹಣ ವ್ಯರ್ಥ, ನಮ್ಮ ಪಾಲಿನದು ಅರೆಬರೆ. ರಕ್ತ ತೆಗೆಯುವುದು, ವರದಿಯ ಸಮಯಪಾಲನೆ, ಲಸಿಕೆಯ ಕೊಠಡಿ, ಇವುಗಳಿಗೆ ಐದಕ್ಕೆ ಐದು ಕೊಡುತ್ತೇನೆ. ಕೌಂಟರಿನ ತಿಳಿವಳಿಕೆಗೆ ಎರಡು. ಪ್ಯಾಕೇಜಿಗೆ ಒಂದೂ ಇಲ್ಲ.

ಇಷ್ಟನ್ನೂ ಲ್ಯಾಬಿನ ವ್ಯವಸ್ಥಾಪಕರಿಗೆ ಬರೆದು ಕಳಿಸಿದ್ದೆ. ವಾರದ ನಂತರ ಫೋನು ಬಂತು. ವರದಿಯ ನಮೂನೆಯಲ್ಲಿ ‘ರಕ್ಷಣೆ ಇಲ್ಲ’ ಎಂಬುದನ್ನು ತೆಗೆದು, ‘ಬಾಲ್ಯದಲ್ಲಿ ಲಸಿಕೆ ಪೂರ್ಣಗೊಂಡಿದ್ದರೆ ವೈದ್ಯರನ್ನು ಕೇಳಿ’ ಎಂದು ಹಾಕುತ್ತೇವೆ ಎಂದರು. ಪ್ಯಾಕೇಜಿನ ಬಗ್ಗೆ, ‘ಅದು ಮ್ಯಾಲಿನವರ ನಿರ್ಣಯ ರೀ ಸರ’ ಎಂದರು. ಮಾರ್ಚಿನಲ್ಲಿ ಮಗಳ ಸಹಪಾಠಿಯೊಬ್ಬಳ ವರದಿಯನ್ನು ನೋಡಿದೆ: ಹೊಸ ಸಾಲು ಬಂದಿದೆ, ಕೆಂಪು ಬಾಣ ಇನ್ನೂ ಇದೆ. ನನ್ನ ಮೂರನೆಯ ಡೋಸು ಮೇ ತಿಂಗಳಿಗೆ ಇದೆ. ಫ್ರಿಜ್ಜಿನ ಚಾರ್ಟಿನ ನಂಬಿಕೆಯ ಮೇಲೆ ಅಲ್ಲಿಗೇ ಹೋಗುತ್ತೇನೆ, ಬಿಲ್ಲನ್ನು ಮಾತ್ರ ಹಣ ಕಟ್ಟುವ ಮೊದಲೇ ಓದುತ್ತೇನೆ.